ಮೂವರಿಗೆ ಸನ್ಮಾನ

ನಮ್ಮ ಕಾಲೇಜಿನಲ್ಲಿ ಪಾಠಕ್ಕೆ ರಜೆ ಸಿಕ್ಕೀತು, ಸನ್ಮಾನಕ್ಕೆ ಸಿಗುವುದಿಲ್ಲ. ಹಿಂದೆ ಕಾರ್ಪೊರೇಟರ್ ಆಗಿದ್ದವರು ಬಂದರೆ ಸನ್ಮಾನ, ಬೋರ್‌ವೆಲ್ ಕೊರೆಸಿಕೊಟ್ಟವರು ಬಂದರೆ ಸನ್ಮಾನ, ಯಾರೂ ಬರದಿದ್ದರೆ ನಮ್ಮ ನಮ್ಮಲ್ಲೇ ಸನ್ಮಾನ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಯಾವಾಗಲೂ ಸಿದ್ಧವಾಗಿರುತ್ತವೆ. ನಾನು ಇಲ್ಲಿ ಕನ್ನಡ ಉಪನ್ಯಾಸಕ. ಕನ್ನಡ ಕಲಿಸುವವನಿಗೆ ಮಾತು ಬಂದೇ ಬರುತ್ತದೆ ಎಂಬ ನಂಬಿಕೆಯಿಂದ ಎಲ್ಲ ಸಮಾರಂಭಗಳ ನಿರೂಪಣೆಯೂ ನನ್ನ ತಲೆಗೇ ಬಿದ್ದಿದೆ. ಯಾರನ್ನು ಬೇಕಾದರೂ ಹೊಗಳಬಲ್ಲೆ. ಅವರು ಯಾರೆಂದು ಗೊತ್ತಿಲ್ಲದಿದ್ದರೆ ಕೆಲಸ ಇನ್ನೂ ಸಲೀಸು.

ಕಾಲೇಜು ಇರುವುದು ಯಲಹಂಕದ ಪಕ್ಕದ ಕೋಗಿಲಿನಲ್ಲಿ. ಚಿಕ್ಕಮುನಿಯಪ್ಪನವರು ತಮ್ಮ ರಾಗಿ ಹೊಲದ ಒಂದು ತುಂಡನ್ನು ಸೈಟು ಮಾಡಿ ಮಾರದೆ ಉಳಿಸಿಕೊಂಡು, ಅದರಲ್ಲಿ ಪದವಿಪೂರ್ವ ಕಾಲೇಜು ಕಟ್ಟಿಸಿದರು. ಅವರು ತೀರಿಕೊಂಡ ಮೇಲೆ ಹೆಂಡತಿ ವರಲಕ್ಷ್ಮಮ್ಮ ಅಧ್ಯಕ್ಷೆ, ಮಗ ಸುಬ್ರಮಣಿ ಕಾರ್ಯದರ್ಶಿ. ವರಲಕ್ಷ್ಮಮ್ಮನವರಿಗೆ ಕಾಲೇಜಿನ ಲೆಕ್ಕಪತ್ರ, ಫಲಿತಾಂಶ ಯಾವುದೂ ಬೇಡ. ಆದರೆ ಗುದ್ದಲಿ ಪೂಜೆಯಿಂದ ಹಿಡಿದು ಹೊಸ ಪ್ರಿಂಟರಿಗೆ ಕುಂಕುಮ ಇಡುವವರೆಗೆ ಶುಭ ಅಶುಭದ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ಆ ಮಾತನ್ನು ಮೀರುವ ಧೈರ್ಯ ಸುಬ್ರಮಣಿಗೂ ಇಲ್ಲ, ಪ್ರಾಂಶುಪಾಲರಾದ ಸಂಯುಕ್ತಾ ಮೇಡಂಗೂ ಇಲ್ಲ.

ಭಾಗ್ಯಶ್ರೀ ನಮ್ಮ ಜೀವಶಾಸ್ತ್ರದ ಉಪನ್ಯಾಸಕಿ. ವಿಜಯಪುರದ ಕಡೆಯವರು. ಗಂಡ ಶಿವಪುತ್ರ ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದಾನೆ, ಮನೆ ಬಾಗಲಗುಂಟೆಯಲ್ಲಿ. ದಿನವೂ ಬಸ್ಸು ಬದಲಿಸಿಕೊಂಡು ಬರುತ್ತಾರೆ. ಸೇರಿ ವರ್ಷಗಳಾದರೂ ಇನ್ನೂ ತಾತ್ಕಾಲಿಕ. ನಮ್ಮಲ್ಲಿ ತಾತ್ಕಾಲಿಕ ಅನ್ನುವುದು ಬಹಳ ಕಾಲ ಬಾಳುವ ಪದ.

ಕಳೆದ ಬೇಸಿಗೆ ರಜೆಯಲ್ಲಿ ಈಕೆ ಡಿಎನ್‌ಎ ಮಾದರಿಯೊಂದನ್ನು ಮಾಡಲು ಹೊರಟರು. ಮೇಜಿನ ಮೇಲಿಡುವ ಆಟಿಕೆಯಲ್ಲ, ಕಾಲೇಜಿನ ಹಜಾರದಲ್ಲಿ ನೆಲದಿಂದ ಮೇಲಿನ ಅಂತಸ್ತಿನ ಕಟಕಟೆಯವರೆಗೆ ಎದ್ದು ನಿಲ್ಲುವಂಥದ್ದು. ರಾಜಾನುಕುಂಟೆಯಲ್ಲಿ ನೂರುಲ್ಲಾ ಎಂಬುವರ ವೆಲ್ಡಿಂಗ್ ಅಂಗಡಿಯಿದೆ. ರಜೆಯೆಲ್ಲ ಅಲ್ಲೇ ಕಳೆದರು. ಕಬ್ಬಿಣದ ಪಟ್ಟಿಗಳನ್ನು ಬಾಗಿಸಿ ಎರಡು ಎಳೆ, ನಡುವೆ ಮೆಟ್ಟಿಲಿನ ಹಾಗೆ ಹಳೇ ಸೈಕಲ್ಲಿನ ಕಡ್ಡಿಗಳು, ಆ ಕಡ್ಡಿಗಳ ಮೇಲೆ ನಾಲ್ಕು ಬಣ್ಣದ ಬಾಟಲಿ ಮುಚ್ಚಳಗಳು. ಮೊದಲ ಸಲ ಎಳೆಗಳು ಎಡಕ್ಕೆ ತಿರುಚಿಕೊಂಡವು. ನೋಡುವವರಿಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ ಬಿಡಿ ಎಂದು ನೂರುಲ್ಲಾ ಹೇಳಿದರಂತೆ. ಈಕೆ ಬಿಡಲಿಲ್ಲ. ಡಿಎನ್‌ಎ ಬಲಕ್ಕೇ ತಿರುಗಬೇಕು, ನಾವು ಬಿಗಿ ಮಾಡುವ ಸ್ಕ್ರೂ ಇದ್ದ ಹಾಗೆ, ಎಂದು ಇಡೀ ಕೆಲಸವನ್ನು ಬಿಚ್ಚಿಸಿ ಮತ್ತೆ ಮಾಡಿಸಿದರು. ರಜೆ ಮುಗಿಸಿ ಬಂದಾಗ ಅವರ ಕೈಯ ಮೇಲೆ ಕಿಡಿ ಹಾರಿದ ಕಪ್ಪು ಚುಕ್ಕೆಗಳಿದ್ದವು.

ಮಾದರಿ ಚೆನ್ನಾಗಿತ್ತು. ಹೊಗಳುವುದು ನನ್ನ ಕಸುಬಾದ್ದರಿಂದ ನನ್ನ ಮಾತಿಗೆ ಬೆಲೆಯಿಲ್ಲ. ಆದರೂ ಹೇಳುತ್ತೇನೆ, ನಮ್ಮ ಕಾಲೇಜಿನಲ್ಲಿ ನೋಡಲು ಯೋಗ್ಯವಾದದ್ದು ಅದೊಂದೇ. ಅಡ್ಮಿಷನ್ನಿಗೆ ಬಂದ ತಂದೆತಾಯಂದಿರು ಫೀಸಿನ ಮಾತು ಎತ್ತುವ ಮೊದಲು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ಇದನ್ನು ಕಂಡ ಮೇಲೆ ಸುಬ್ರಮಣಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಫೆಬ್ರವರಿಯ ವಿಜ್ಞಾನ ದಿನಾಚರಣೆಗೆ ಅದನ್ನು ವಿಧಿವತ್ತಾಗಿ ಅನಾವರಣ ಮಾಡಬೇಕೆಂದು ತೀರ್ಮಾನವಾಯಿತು. ಅನಾವರಣ ಅಂದಮೇಲೆ ಸನ್ಮಾನ ಬೇಡವೇ? ಮಾದರಿಯ ರೂವಾರಿಗಳೆಂದು ಮೂವರ ಹೆಸರು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಯಿತು. ಜಾಗ ಕೊಟ್ಟ ಸುಬ್ರಮಣಿ, ಅನುಮತಿ ಕೊಟ್ಟ ಸಂಯುಕ್ತಾ ಮೇಡಂ, ಸಲಹೆ ಕೊಟ್ಟ ಶೇಖರಪ್ಪನವರು. ಈ ಶೇಖರಪ್ಪನವರು ಬೇರೆ ಕಾಲೇಜಿನಿಂದ ನಿವೃತ್ತರಾಗಿ ನಮ್ಮಲ್ಲಿ ಶೈಕ್ಷಣಿಕ ಸಲಹೆಗಾರರಾಗಿದ್ದಾರೆ. ವಾರಕ್ಕೆರಡು ಸಲ ಬಂದು ಕಾಫಿ ಕುಡಿದು ಹೋಗುತ್ತಾರೆ. ಮಾದರಿಗೆ ಅವರು ಕೊಟ್ಟ ಸಲಹೆ ಬಣ್ಣ ಸ್ವಲ್ಪ ಗಾಢವಾಗಿರಲಿ ಎನ್ನುವುದು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಮೂವರ ಬಾಯಿಗೆ.

ಭಾಗ್ಯಶ್ರೀ ಪತ್ರಿಕೆಯನ್ನು ನನ್ನ ಎದುರೇ ಓದಿದರು. ಓದಿ ಮಡಿಸಿಟ್ಟರು. ಶಾಲಿನ ಆಸೆ ತನಗಿಲ್ಲ, ಊಟಕ್ಕೆ ಕರೆಯದಿದ್ದರೂ ನಡೆಯುತ್ತದೆ, ಆದರೆ ಇದನ್ನು ಮಾಡಿದವಳು ಭಾಗ್ಯಶ್ರೀ ಎಂದು ಒಂದು ಸಲ ಎಲ್ಲರ ಮುಂದೆ ಹೇಳಿದರೆ ಸಾಕಿತ್ತು ಎಂದರು. ಮಕ್ಕಳಿಗೆ ಗೊತ್ತಿದೆಯಲ್ಲ ಎಂದೆ. ಮಕ್ಕಳು ಎರಡು ವರ್ಷ ಇದ್ದು ಹೋಗುತ್ತಾರೆ ಎಂದರು.

ತಮಗೆ ಆಗದಿದ್ದುದನ್ನು ಅವರು ಇನ್ನೊಬ್ಬರಿಗಾಗಿ ಕೇಳಿದರು. ಸಮಾರಂಭದಲ್ಲಿ ಪುಷ್ಪಾರ್ಚನೆಗೆಂದು ಡಿಎನ್‌ಎ ರಚನೆಗಾಗಿ ನೊಬೆಲ್ ಪಡೆದವರ ಭಾವಚಿತ್ರಗಳಿಗೆ ಕಟ್ಟು ಹಾಕಿಸಲಾಗಿತ್ತು. ವಾಟ್ಸನ್, ಕ್ರಿಕ್, ವಿಲ್ಕಿನ್ಸ್. ಮೂವರಲ್ಲಿ ಕೊನೆಯವರಾದ ವಾಟ್ಸನ್ನರೂ ಕಳೆದ ನವೆಂಬರಿನಲ್ಲಿ ತೀರಿಕೊಂಡಿದ್ದರಿಂದ ಹಾರ ಹಾಕಲು ಯಾವ ಅಡ್ಡಿಯೂ ಇರಲಿಲ್ಲ. ಭಾಗ್ಯಶ್ರೀ ಪ್ರಾಂಶುಪಾಲರ ಕೋಣೆಗೆ ಹೋಗಿ ಇನ್ನೊಂದು ಚಿತ್ರ ಇಡಬೇಕು ಎಂದರು. ರೋಸಲಿಂಡ್ ಫ್ರಾಂಕ್ಲಿನ್ ಎಂಬ ಹೆಣ್ಣುಮಗಳು ಎಕ್ಸ್‌ರೇಯಿಂದ ತೆಗೆಸಿದ ಚಿತ್ರವನ್ನು ಅವಳಿಗೆ ತಿಳಿಯದಂತೆ ನೋಡಿಯೇ ವಾಟ್ಸನ್ನರಿಗೆ ಡಿಎನ್‌ಎಯ ಆಕಾರ ಹೊಳೆದದ್ದು, ಪ್ರಶಸ್ತಿ ಬರುವ ನಾಲ್ಕು ವರ್ಷ ಮೊದಲೇ ಅವಳು ಸತ್ತಿದ್ದಳು, ಸತ್ತವರಿಗೆ ನೊಬೆಲ್ ಕೊಡುವುದಿಲ್ಲ, ಒಂದು ಪ್ರಶಸ್ತಿಯನ್ನು ಮೂವರಿಗಿಂತ ಹೆಚ್ಚು ಜನಕ್ಕೆ ಹಂಚುವುದೂ ಇಲ್ಲ ಎಂದು ವಿವರಿಸಿದರು. ಸಂಯುಕ್ತಾ ಮೇಡಂ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಪ್ರಶಸ್ತಿ ಬಂದವರಿಗೆ ಹೂವು, ಬರದವರನ್ನೆಲ್ಲ ಇಡುತ್ತಾ ಹೋದರೆ ಗೋಡೆ ಸಾಲುವುದಿಲ್ಲ ಎಂದುಬಿಟ್ಟರು.

ಮರುದಿನ ವರಲಕ್ಷ್ಮಮ್ಮ ಏರ್ಪಾಟು ನೋಡಲು ಬಂದರು. ಹಜಾರದಲ್ಲಿ ಸಾಲಾಗಿ ನಿಲ್ಲಿಸಿದ್ದ ಮೂರು ಕಟ್ಟುಗಳನ್ನು ಕಂಡು ಅಲ್ಲೇ ನಿಂತರು. ಮೂರು ಅವರಿಗೆ ಆಗದ ಸಂಖ್ಯೆ. ಹೆಣ್ಣು ನೋಡಲು ಮೂವರು ಹೋಗಬಾರದು, ಎಲೆಗೆ ಮೂರು ಹೋಳಿಗೆ ಬಡಿಸಬಾರದು, ಒಳ್ಳೆಯ ಕೆಲಸಕ್ಕೆ ಮೂರು ಜನ ಕೂಡಿ ಹೊರಡಲೇಬಾರದು. ಇದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತೇ. ನೊಬೆಲ್ ಸಮಿತಿಗೆ ಮಾತ್ರ ಯಾರೂ ಹೇಳಿಲ್ಲ.

"ಇಂಗೆ ಮೂರು ಇಟ್ರೆ ಆಗಾಕಿಲ್ಲ ಕಣಮ್ಮ," ಎಂದರು ಸಂಯುಕ್ತಾ ಮೇಡಂಗೆ. "ಒಂದು ತೆಗೀರಿ, ಇಲ್ಲ ಒಂದು ಸೇರಿಸ್ರಿ."

ಮೇಡಂ ಸರಸ್ವತಿಯ ಫೋಟೋ ಇಡೋಣ ಎಂದರು. ಸತ್ತವರ ಸಾಲಿನಲ್ಲಿ ದೇವರನ್ನು ಕೂರಿಸುತ್ತಾರೆಯೇ ಎಂದು ಆ ತಾಯಿ ಗದರಿದರು. ಆಗ ನಾನು ಬಾಯಿ ಹಾಕಿದೆ. ಇದೇ ಕೆಲಸ ಮಾಡಿದ ನಾಲ್ಕನೆಯವರೊಬ್ಬರಿದ್ದಾರೆ, ಅವರೂ ತೀರಿಕೊಂಡಿದ್ದಾರೆ ಎಂದೆ. ವರಲಕ್ಷ್ಮಮ್ಮ ಒಪ್ಪಿದರು. ಹೀಗೆ ನೊಬೆಲ್ ಸಮಿತಿ ಕೊಡಲಾಗದ ಜಾಗವನ್ನು ಫ್ರಾಂಕ್ಲಿನ್ನರಿಗೆ ಕೋಗಿಲಿನ ವರಲಕ್ಷ್ಮಮ್ಮ ಕೊಟ್ಟರು. ಸಂಜೆಯೊಳಗೆ ಯಲಹಂಕದ ಸ್ಟುಡಿಯೋದಿಂದ ನಾಲ್ಕನೆಯ ಕಟ್ಟು ಬಂತು.

ಸುದ್ದಿ ಹೇಳಲು ನಾನು ಹಿಗ್ಗಿಕೊಂಡೇ ಹೋದೆ. ಭಾಗ್ಯಶ್ರೀಯವರು ನಕ್ಕರು. ಮೂಢನಂಬಿಕೆಯ ದಾರಿಯಿಂದ ಬಂದ ಗೌರವ, ಬೇಸರವಿಲ್ಲವೇ ಎಂದು ಕೆಣಕಿದೆ.

"ಹೆಂಗರ ಆಗಲಿ, ಮ್ಯಾಲೆ ಹತ್ತಿದಳಲ್ಲ ಸರ್," ಎಂದರು. "ಆಕಿಗೆ ಅಷ್ಟು ಸಾಕು."

ವಿಜ್ಞಾನ ದಿನದಂದು ಸಭಾಂಗಣ ತುಂಬಿತ್ತು. ಹೆಬ್ಬಾಳದ ಕಡೆಯ ಒಂದು ಸಂಶೋಧನಾ ಸಂಸ್ಥೆಯ ನಿವೃತ್ತ ಅಧಿಕಾರಿಯೊಬ್ಬರು ಮುಖ್ಯ ಅತಿಥಿ. ಹಜಾರದಲ್ಲಿ ಮಾದರಿಯ ಅನಾವರಣ, ಒಳಗೆ ಪ್ರಾರ್ಥನೆ, ನಾಡಗೀತೆ, ದೀಪ, ಪುಷ್ಪಾರ್ಚನೆ ಎಲ್ಲ ಸಾಂಗವಾಗಿ ನಡೆದವು. ನಾಲ್ಕು ಕಟ್ಟುಗಳಿಗೂ ಒಂದೇ ಅಳತೆಯ ಸೇವಂತಿಗೆ ಹಾರ. ಮುಖ್ಯ ಅತಿಥಿಗಳು ಫ್ರಾಂಕ್ಲಿನ್ನರ ಚಿತ್ರದ ಮುಂದೆ ಒಂದು ಕ್ಷಣ ಹೆಚ್ಚಾಗಿಯೇ ನಿಂತರು, ಇವರನ್ನು ಸೇರಿಸಿದ್ದು ಬಹಳ ಒಳ್ಳೆಯದಾಯಿತು ಎಂದು ಸಂಯುಕ್ತಾ ಮೇಡಂಗೆ ಹೇಳಿದರು. ಮೇಡಂ ವಿನಯದಿಂದ ತಲೆಬಾಗಿದರು.

ಆಮೇಲೆ ಸನ್ಮಾನ. ಇಬ್ಬರು ಹುಡುಗರು ಮೂರು ಕುರ್ಚಿಗಳನ್ನು ಎತ್ತಿ ತಂದು ವೇದಿಕೆಯ ಮುಂಭಾಗದಲ್ಲಿ ಇಟ್ಟರು. ಮೂವರೂ ಹೋಗಿ ಕುಳಿತರು. ಹಿಂದಿನ ಸಾಲಿನಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿದ್ದ ವರಲಕ್ಷ್ಮಮ್ಮ ತಟ್ಟನೆ ಎದ್ದು ನಿಂತರು. ಆಹ್ವಾನ ಪತ್ರಿಕೆಯನ್ನು ಅವರು ಓದುವವರಲ್ಲ, ಸನ್ಮಾನ ಎಷ್ಟು ಜನಕ್ಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಚಿತ್ರಗಳ ವಿಷಯದಲ್ಲಿ ಅಷ್ಟು ಪಾಠವಾದ ಮೇಲೂ ತಾವೇ ಮೂವರು ಕೂರುತ್ತಿದ್ದೇವೆ ಎಂದು ಆ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ತಮ್ಮನ್ನು ತಾವು ಯಾರೂ ಎಣಿಸಿಕೊಳ್ಳುವುದಿಲ್ಲ.

ಮಗನಿಗೆ ಮೂವರ ಸಾಲಿನಲ್ಲಿ ಶಾಲು ಹೊದಿಸುವುದು ಬೇಡ ಎಂದು ತಾಯಿ ಪಟ್ಟು ಹಿಡಿದರು. ವೇದಿಕೆಯ ಮೇಲೆ ಪಿಸುಮಾತು ಶುರುವಾಯಿತು. ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು. ಸಭೆಯನ್ನು ಹಿಡಿದಿಡಲು ಒಂದು ಭಾವಗೀತೆ ಹಾಡಿ ಎಂದು ಹುಡುಗಿಯರಿಗೆ ಹೇಳಿ ನಾನು ಮೇಡಂ ಹತ್ತಿರ ಹೋದೆ. ಅವರು ನನ್ನ ಕಿವಿಯ ಬಳಿ ಬಾಗಿದರು.

"ಭಾಗ್ಯಶ್ರೀನ ಕರ್ಕೊಂಡ್ ಬನ್ನಿ, ಬಂದು ಕೂರ್ಲಿ. ಸಿಬ್ಬಂದಿ ವರ್ಗದ ಪರವಾಗಿ ಅಂತ ಅನ್ನಿ, ಸಾಕು."

ಮಾದರಿ ಮಾಡಿದವರು ಅವರೇ ಎಂದು ಹೇಳಿಬಿಡಲೇ ಎಂದು ಕೇಳಿದೆ. ಮೇಡಂ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು.

"ಹಂಗಂದ್ರೆ ನಾವು ಮೂವರು ಯಾಕೆ ಕೂತಿದೀವಿ ಅಂತ ಕೇಳಲ್ವೇನ್ರೀ?"

ಅವರ ಪ್ರಾಮಾಣಿಕತೆ ನನಗೆ ಮೆಚ್ಚಿಗೆಯಾಯಿತು. ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಕೆಳಗಿಳಿದೆ.

ಭಾಗ್ಯಶ್ರೀ ಮೂರನೇ ಸಾಲಿನ ತುದಿಯಲ್ಲಿದ್ದರು. ಅಂದು ಇಳಕಲ್ ಸೀರೆ ಉಟ್ಟಿದ್ದರು. ಪಕ್ಕದಲ್ಲಿ ಶಿವಪುತ್ರ, ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ. ನಾನು ಬಾಗಿ, ವೇದಿಕೆಗೆ ಬರಬೇಕಂತೆ, ನಾಲ್ಕನೆಯ ಕುರ್ಚಿ ಹಾಕಿಸುತ್ತಿದ್ದಾರೆ ಎಂದೆ. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಎದ್ದೇಬಿಟ್ಟಿದ್ದರು. ಸೆರಗು ಸರಿಮಾಡಿಕೊಳ್ಳುತ್ತಾ, ಮೈಕಿನಲ್ಲಿ ಏನು ಹೇಳುತ್ತೀರಿ ಎಂದು ಕೇಳಿದರು. ನಾನು ಹೇಳಿದೆ. ಮೂವರು ಆಗಬಾರದಂತೆ ಎಂಬುದನ್ನೂ ಹೇಳಬೇಕಾಯಿತು, ಯಾಕೆ ಈಗ ಎಂದು ಅವರು ಕೇಳಿದರಲ್ಲ.

ಅವರು ಮತ್ತೆ ಕುಳಿತರು. ಶಿವಪುತ್ರ, ಹೋಗಿ ಬಾ, ಫೋಟೋದಾಗ ಬರ್ತದ ಎಂದ. ಫ್ರಾಂಕ್ಲಿನ್ ವಿಷಯದಲ್ಲಿ ಹೇಗಾದರೂ ಹತ್ತಲಿ ಎಂದಿದ್ದಿರಲ್ಲ ಮೇಡಂ ಎಂದು ನಾನೂ ನೆನಪಿಸಿದೆ. ಅವರು ವೇದಿಕೆಯನ್ನೇ ನೋಡುತ್ತಾ ನಿಧಾನವಾಗಿ ಹೇಳಿದರು.

"ಇದನ್ನ ಮಾಡಿದಾಕಿ ಭಾಗ್ಯಶ್ರೀ ಅಂತ ಹೇಳ್ರಿ, ಈಗಿಂದೀಗ ಎದ್ದು ಬರ್ತೀನಿ. ಎಣಿಕಿ ತುಂಬಲಿಕ್ಕೆ ಬರಂಗಿಲ್ರಿ ಸರ್."

ಭಾವಗೀತೆ ಕೊನೆಯ ಚರಣಕ್ಕೆ ಬಂದಿತ್ತು. ನಾನು ಮೇಲೆ ಹೋಗಿ, ಬರುವುದಿಲ್ಲವಂತೆ ಎಂದೆ. ಮೇಡಂ ಮುಖ ಕೆಂಪಾಯಿತು. ಅಷ್ಟರಲ್ಲಿ ಹುಡುಗರು ನಾಲ್ಕನೆಯ ಕುರ್ಚಿಯನ್ನು ತಂದು ಇಟ್ಟಾಗಿತ್ತು. ಅದನ್ನು ಮತ್ತೆ ಎತ್ತಿಸಿದರೆ ಅಪಶಕುನದ ಮೇಲೆ ಅಪಶಕುನ. ವರಲಕ್ಷ್ಮಮ್ಮನವರಿಗೆ ಇಂಥ ಬಿಕ್ಕಟ್ಟು ಹೊಸದಲ್ಲ. ಮೂವರೇ ಹೊರಡಲೇಬೇಕಾದ ಪ್ರಸಂಗ ಬಂದರೆ ಜೊತೆಗೊಂದು ಕಲ್ಲನ್ನು ನಾಲ್ಕನೆಯವರೆಂದು ಕರೆದುಕೊಂಡು ಹೋಗುವ ಪದ್ಧತಿ ಅವರ ಮನೆಯಲ್ಲಿ ಹಿಂದಿನಿಂದಲೂ ಇದೆ. ಹುಡುಗನೊಬ್ಬನನ್ನು ಹೊರಗಟ್ಟಿ ಕೈತೋಟದಿಂದ ನಿಂಬೆಹಣ್ಣಿನ ಗಾತ್ರದ ಕಲ್ಲೊಂದನ್ನು ತರಿಸಿದರು. ತಾವೇ ಅದನ್ನು ಸೆರಗಿನಲ್ಲಿ ಒರೆಸಿ ಖಾಲಿ ಕುರ್ಚಿಯ ಮೇಲಿಟ್ಟರು. ಮುಖ ನಿರಾಳವಾಯಿತು. ಇನ್ನು ನಡೆಸಿ ಎಂದು ನನಗೆ ಕೈ ಮಾಡಿದರು.

ನಾನು ನಡೆಸಿದೆ. ಅಭಿನಂದನಾ ಪತ್ರವನ್ನು ಅಚ್ಚಾಗಿದ್ದ ಹಾಗೆ, ಸ್ಪಷ್ಟವಾದ ಉಚ್ಚಾರಣೆಯಲ್ಲಿ ಓದಿದೆ. ದೂರದೃಷ್ಟಿ, ಅವಿರತ ಪರಿಶ್ರಮ, ಮಾರ್ಗದರ್ಶನ ಎಲ್ಲವೂ ಅದರಲ್ಲಿದ್ದವು. ಅತಿಥಿಗಳು ಶಾಲು ಹೊದಿಸುತ್ತಾ ಬಂದರು, ಸುಬ್ರಮಣಿ, ಮೇಡಂ, ಶೇಖರಪ್ಪ. ತಟ್ಟೆಯಲ್ಲಿ ನಾಲ್ಕನೆಯ ಶಾಲೂ ಇತ್ತು. ಭಾಗ್ಯಶ್ರೀಗೆಂದು ಅವಸರದಲ್ಲಿ ತೆಗೆದಿಟ್ಟಿದ್ದರು. ತಟ್ಟೆ ಹಿಡಿದಿದ್ದ ವಿದ್ಯಾರ್ಥಿನಿ ರಕ್ಷಾ ಅದನ್ನೂ ಚಾಚಿದಳು. ಅತಿಥಿಗಳಿಗೆ ಕುರ್ಚಿಯ ಮೇಲಿನ ಕಲ್ಲು ಕಾಣಿಸಿತೋ ಇಲ್ಲವೋ, ಯಾರೋ ಗೈರುಹಾಜರಿಯಲ್ಲಿ ಸನ್ಮಾನಿತರಾಗುತ್ತಿದ್ದಾರೆ ಎಂದುಕೊಂಡಿರಬೇಕು. ಶಾಲನ್ನು ಕುರ್ಚಿಯ ಬೆನ್ನಿಗೆ ಮರ್ಯಾದೆಯಿಂದ ಹೊದಿಸಿ, ಕೈಮುಗಿದರು. ಸಭೆ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿತು. ಫೋಟೋಗ್ರಾಫರ್ ಕ್ಲಿಕ್ಕಿಸಿದ.

ಫೋಟೋ ಅಂದೇ ಕಾಲೇಜಿನ ವಾಟ್ಸಾಪ್ ಗುಂಪಿಗೆ ಬಿತ್ತು. ಪೇಟ ತೊಟ್ಟ ಮೂವರು, ಪಕ್ಕದಲ್ಲಿ ಜರಿ ಶಾಲು ಹೊದ್ದ ಖಾಲಿ ಕುರ್ಚಿ. ಆ ಕುರ್ಚಿ ಯಾರದು ಎಂದು ಪೋಷಕರೊಬ್ಬರು ಕೇಳಿದರು. ಭಾಗ್ಯಶ್ರೀ ಮಿಸ್‌ದು, ಮಾಡೆಲ್ ಮಾಡಿದ್ದು ಅವರೇ ಎಂದು ರಕ್ಷಾ ಬರೆದಳು. ಅದರ ಕೆಳಗೆ ಸಾಲುಸಾಲು ಮಕ್ಕಳ ಉತ್ತರ. ಒಬ್ಬ ಹುಡುಗ ರಾಜಾನುಕುಂಟೆಯ ಅಂಗಡಿಯಲ್ಲಿ ಅವರು ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ನಿಂತಿದ್ದ ಚಿತ್ರವನ್ನೂ ಹಾಕಿದ. ಹಾಗಾದರೆ ಅವರೇಕೆ ಕೂತಿಲ್ಲ ಎಂದು ಇನ್ನೊಬ್ಬ ಪೋಷಕರು ಕೇಳಿದರು. ಸಂಯುಕ್ತಾ ಮೇಡಂ ಗುಂಪನ್ನು ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಬದಲಾಯಿಸುವಷ್ಟರಲ್ಲಿ ಕೋಗಿಲು ದಾಟಿ ಯಲಹಂಕದವರೆಗೆ ಸುದ್ದಿ ಹೋಗಿತ್ತು. ಶಾಲು ಹೊದ್ದ ಮೂವರನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ನೋಡಿದ್ದು ಕುರ್ಚಿಯನ್ನು.

ನನಗೆ ಬಹಳ ಖುಷಿಯಾಗಿತ್ತು, ಮುಚ್ಚಿಡುವುದೇಕೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಭಾಗ್ಯಶ್ರೀ ಪ್ರಾಯೋಗಿಕ ಪರೀಕ್ಷೆಗೆ ಸ್ಲೈಡುಗಳನ್ನು ಒರೆಸುತ್ತಾ ಕುಳಿತಿದ್ದರು. ಫೋನು ತೆರೆದು ಅವರ ಮುಂದೆ ಹಿಡಿದೆ. ಬಂದು ಕೂತಿದ್ದರೆ ನಾಲ್ವರಲ್ಲಿ ಒಬ್ಬರಾಗಿ ಕರಗಿಹೋಗುತ್ತಿದ್ದಿರಿ, ಕೂರದೆ ಹೋದದ್ದರಿಂದ ಊರಿಗೆಲ್ಲ ಗೊತ್ತಾಯಿತು, ಫ್ರಾಂಕ್ಲಿನ್ನರಿಗೂ ಹೀಗೇ ಆಯಿತಲ್ಲವೇ, ಕೊಡದೇ ಇದ್ದದ್ದರಿಂದಲೇ ಇವತ್ತಿಗೂ ಅವರ ಹೆಸರು ಹೇಳುತ್ತಾರೆ ಎಂದೆ. ನಿರೂಪಕನ ಉತ್ಸಾಹದಲ್ಲಿ ಇನ್ನೂ ಏನೇನೋ ಹೇಳಿದೆ.

ಅವರು ಫೋಟೋವನ್ನು ಸ್ವಲ್ಪ ಹೊತ್ತು ನೋಡಿದರು. ಬೆರಳಿನಿಂದ ಹಿಗ್ಗಿಸಿ ಕುರ್ಚಿಯ ಮೇಲಿದ್ದ ಕಲ್ಲನ್ನೂ ನೋಡಿದರು. ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು ಮತ್ತೆ ಸ್ಲೈಡು ಎತ್ತಿಕೊಂಡರು.

"ಆಕಿ ಸತ್ತಿದ್ಲು ಸರ್," ಎಂದರು. "ನಾ ಅಲ್ಲೇ ಮೂರನೇ ಸಾಲಿನ್ಯಾಗ ಕುಂತಿದ್ದೆ. ನಿಮ್ಮ ಕೈಯಾಗ ಮೈಕಿತ್ತು."